ಕೊಲೆಸ್ಟ್ರಾಲ್‌ಗೆ ಲಕ್ಷಣ ಹುಡುಕಬೇಡಿ, ರಕ್ತ ಪರೀಕ್ಷೆ ಮಾಡಿಸಿ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ವಾಟ್ಸ್ಆ್ಯಪ್ ಗುಂಪುಗಳಲ್ಲೂ ‘ಕೊಲೆಸ್ಟ್ರಾಲ್ ಜಾಸ್ತಿಯಾದರೆ ದೇಹ ಕೊಡುವ ಸೂಚನೆಗಳು’ ಎಂಬ ಪಟ್ಟಿ ಆಗಾಗ ಕಣ್ಣಿಗೆ ಬೀಳುತ್ತದೆ. ಕತ್ತು ನೋವು, ತಲೆಸುತ್ತು, ಕೈಕಾಲು ಜೋಮು, ಸುಸ್ತು, ತಲೆಭಾರ ಹೀಗೆ ಸಾಗುತ್ತದೆ ಅದು. ಇವುಗಳಲ್ಲಿ ಒಂದೂ ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿರುವುದರ ಗುರುತಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಮತ್ತೆರಡು ಗಂಟೆ ಕೂತವರಿಗೆ ಕತ್ತು ನೋಯಲು ಬೇರೆ ಕಾರಣ ಬೇಕಿಲ್ಲ. ಪಟ್ಟಿ ಓದಿ ಹೆದರಿದವರು ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡರೆ ನಷ್ಟವೇನೂ ಇಲ್ಲ. ನಮ್ಮ ಆತಂಕ ಇರುವುದು ಪಟ್ಟಿ ಓದಿ ‘ನನಗೆ ಇದ್ಯಾವುದೂ ಇಲ್ಲವಲ್ಲ’ ಎಂದು ನಿಶ್ಚಿಂತರಾಗುವವರ ಬಗ್ಗೆ. ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವುದು ಇದನ್ನೇ; ಇಲ್ಲಿನ ಸಂಖ್ಯೆಗಳು ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು) 190 ಇರುವವರೂ ಚೆನ್ನಾಗಿ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಮೆಟ್ಟಿಲು ಹತ್ತಿ ಇಳಿದು ಇಪ್ಪತ್ತು ವರ್ಷ ಆರಾಮವಾಗಿ ಇರಬಹುದು. ಆ ಇಪ್ಪತ್ತು ವರ್ಷದಲ್ಲಿ ರಕ್ತನಾಳದ ಗೋಡೆಯೊಳಗೆ ನಡೆಯುವ ಕೆಲಸ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಆ ಕೆಲಸ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನರ ಮನಸ್ಸಿನಲ್ಲಿರುವ ಚಿತ್ರವೇ ತಪ್ಪು. ನೀರಿನ ಪೈಪಿನ ಒಳಮೈಗೆ ಜಿಡ್ಡು ಮೆತ್ತಿಕೊಂಡಂತೆ ಕೊಲೆಸ್ಟ್ರಾಲ್ ರಕ್ತನಾಳಕ್ಕೆ ಮೆತ್ತಿಕೊಳ್ಳುತ್ತದೆ ಎಂದು ಎಲ್ಲರೂ ಭಾವಿಸಿದ್ದಾರೆ. ಜಿಡ್ಡಾದರೆ ಉಜ್ಜಿ ತೊಳೆಯಬಹುದು ಎನಿಸುವುದು ಸಹಜ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನಿಗರ್ ಕುದಿಸಿ ಜೇನು ಬೆರೆಸಿದ ಕಷಾಯ ‘ಬ್ಲಾಕ್ ಕರಗಿಸುತ್ತದೆ’ ಎಂಬ ನಂಬಿಕೆ ಬೇರೂರಿರುವುದು ಈ ಚಿತ್ರದಿಂದಲೇ. ನಿಜಕ್ಕೂ ನಡೆಯುವುದು ಬೇರೆ. ಎಲ್‌ಡಿಎಲ್ ಕಣಗಳು ರಕ್ತನಾಳದ ಒಳಪದರವನ್ನು ದಾಟಿ ಗೋಡೆಯ ಒಳಗೇ ಸೇರಿಕೊಳ್ಳುತ್ತವೆ. ಅಲ್ಲಿ ಅವು ಕೆಟ್ಟಾಗ ಬಿಳಿ ರಕ್ತಕಣಗಳು ನುಂಗಲು ಬರುತ್ತವೆ, ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ವರ್ಷಗಳು ಕಳೆದಂತೆ ಚರ್ಮದಡಿಯ ಕುರುವಿನ ಹಾಗೆ ಮೇಲೆ ತೆಳು ಹೊದಿಕೆ, ಒಳಗೆ ಮೆತ್ತನೆಯ ಕೊಬ್ಬಿನ ಗಂಟು ಆಗುತ್ತದೆ. ಒಂದು ದಿನ ಹೊದಿಕೆ ಬಿರಿಯುತ್ತದೆ. ಒಳಗಿನ ವಸ್ತು ರಕ್ತಕ್ಕೆ ತಾಗಿದ ಕೂಡಲೇ ಅಲ್ಲಿ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಇದೇ ಹೃದಯಾಘಾತ. ಗೋಡೆಯ ಒಳಗಿರುವುದನ್ನು ತೊಳೆಯುವ ಕಷಾಯ ಯಾವುದೂ ಇಲ್ಲ.

ಇನ್ನೊಂದು ಸಂಗತಿಯೂ ಇದರಿಂದಲೇ ಅರ್ಥವಾಗುತ್ತದೆ. ಹೀಗೆ ಬಿರಿಯುವ ಗಂಟು ನಾಳವನ್ನು ಅರ್ಧದಷ್ಟು ಕೂಡ ಕಿರಿದು ಮಾಡಿರಬೇಕಾಗಿಲ್ಲ. ಓಡುವ ಪಟ್ಟಿಯ ಮೇಲೆ ಮಾಡಿಸುವ ಟಿಎಂಟಿ ಪರೀಕ್ಷೆ ಹಿಡಿಯುವುದು ನಾಳ ಸುಮಾರು ಶೇ 70ರಷ್ಟು ಕಿರಿದಾಗಿ, ಶ್ರಮಪಟ್ಟಾಗ ರಕ್ತ ಸಾಲದೆ ಬರುವ ಸ್ಥಿತಿಯನ್ನು. ಅದಕ್ಕೇ ‘ಹೋದ ತಿಂಗಳಷ್ಟೇ ಟಿಎಂಟಿ ನಾರ್ಮಲ್ ಇತ್ತು, ಈಗ ಹೀಗಾಯಿತು’ ಎಂಬ ಮಾತು ಕೇಳಿಬರುತ್ತದೆ. ಅಲ್ಲಿ ಯಂತ್ರವೂ ತಪ್ಪಿಲ್ಲ, ವೈದ್ಯರೂ ತಪ್ಪಿಲ್ಲ. ಆ ಪರೀಕ್ಷೆಗೆ ಎಟುಕದ ಪ್ರಶ್ನೆಯನ್ನು ನಾವು ಕೇಳಿದ್ದೆವು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನರ ಸಾಲು ನಿಂತಿತ್ತು. ಇಸಿಜಿ ಎಂಬುದು ಆ ಕ್ಷಣದಲ್ಲಿ ಹೃದಯದ ವಿದ್ಯುತ್ ಹೇಗೆ ಹರಿಯುತ್ತಿದೆ ಎಂಬುದರ ಚಿತ್ರ. ಎಕೋ ತೋರಿಸುವುದು ಹೃದಯದ ಸ್ನಾಯು, ಕವಾಟಗಳ ಕೆಲಸವನ್ನು. ಇವೆರಡೂ ಸರಿಯಾಗಿದ್ದು ಎಲ್‌ಡಿಎಲ್ 180 ಇರುವುದು ತೀರಾ ಸಾಮಾನ್ಯ. ಮುಂದಿನ ಹತ್ತು ವರ್ಷದ ಪ್ರಶ್ನೆಗೆ ಉತ್ತರ ಸಿಗುವುದು ಬಿಪಿ, ಶುಗರ್, ರಕ್ತದ ಕೊಬ್ಬಿನಂಶಗಳನ್ನು ಅಳೆಯುವ ಲಿಪಿಡ್ ಪ್ರೊಫೈಲ್‌ಗಳಲ್ಲಿ, ಮತ್ತು ತಂಬಾಕು ಇದೆಯೇ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದೆಯೇ ಎಂಬ ಎರಡು ಪ್ರಶ್ನೆಗಳಲ್ಲಿ.

ಹಾಗಾದರೆ ಹೊರಗೆ ಕಾಣುವ ಗುರುತು ಒಂದೂ ಇಲ್ಲವೇ? ಕೆಲವು ಇವೆ, ಆದರೆ ಅವು ಪಟ್ಟಿಗಳಲ್ಲಿ ಇರುವುದಿಲ್ಲ, ಕನ್ನಡಿಯಲ್ಲಿ ಇರುತ್ತವೆ. ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಹಳದಿ ಬಣ್ಣದ ಚಪ್ಪಟೆ ಉಬ್ಬು ಬಂದಿದ್ದರೆ ಅದು ಚರ್ಮದಡಿ ಕೂತ ಕೊಲೆಸ್ಟ್ರಾಲ್. ಇದಿರುವವರಲ್ಲಿ ಸುಮಾರು ಅರ್ಧ ಜನರ ವರದಿ ಸರಿಯಾಗಿಯೇ ಇರುತ್ತದೆ. ಉಳಿದರ್ಧಕ್ಕೆ ಇದೇ ಮೊದಲ ಸುಳಿವು. ನೋವಿಲ್ಲ, ತುರಿಕೆಯಿಲ್ಲ, ನೋಡಲು ಚೆನ್ನಾಗಿಲ್ಲ ಅಷ್ಟೇ. ಆದ್ದರಿಂದ ಜನ ನೇರವಾಗಿ ಲೇಸರ್ ಮಾಡಿಸಲು ಹೋಗುತ್ತಾರೆ. ತೆಗೆಸಿಕೊಳ್ಳಲಿ, ತಪ್ಪಿಲ್ಲ, ಆದರೆ ರಕ್ತ ಕೊಟ್ಟ ಮೇಲೆ ತೆಗೆಸಿಕೊಳ್ಳಲಿ. ಚರ್ಮದ ಕ್ಲಿನಿಕ್‌ಗಳಲ್ಲಿ ಇದನ್ನು ತೆಗೆಯುವ ಮುನ್ನ ಲಿಪಿಡ್ ಪ್ರೊಫೈಲ್ ಬರೆದುಕೊಡುವುದು ಕಡ್ಡಾಯ ರೂಢಿಯಾಗಬೇಕು. ಎರಡನೆಯದು ಕಣ್ಣಿನ ಕಪ್ಪುಗುಡ್ಡೆಯ ಅಂಚಿಗೆ ಬೂದು–ಬಿಳಿ ಉಂಗುರ. ಅರವತ್ತು ದಾಟಿದವರಲ್ಲಿ ಇದು ವಯಸ್ಸಿನ ಗುರುತು, ಚಿಂತೆ ಬೇಡ. 45ಕ್ಕಿಂತ ಮೊದಲೇ ಕಂಡರೆ ಪರೀಕ್ಷೆ ಬೇಕೇ ಬೇಕು.

ಮೂರನೆಯದನ್ನು ಕೈಯಿಂದ ಮುಟ್ಟಿ ನೋಡಬೇಕು. ಹಿಮ್ಮಡಿಯ ಹಿಂದೆ, ಮೀನಖಂಡದಿಂದ ಇಳಿದು ಬರುವ ಸ್ನಾಯುವಿನ ಹುರಿಯನ್ನು ಎರಡು ಬೆರಳಲ್ಲಿ ಹಿಡಿದರೆ ಅದು ತೆಳ್ಳಗೆ, ನಯವಾಗಿ ಸಿಗಬೇಕು. ದಪ್ಪಗಾಗಿ, ಗಂಟು ಗಂಟಾಗಿ ಇದ್ದರೆ, ಕೈಬೆರಳ ಗೆಣ್ಣಿನ ಮೇಲೆ ಬೆರಳು ಮಡಚಿದಾಗ ಜರುಗುವ ಗಟ್ಟಿ ಗಂಟು ಇದ್ದರೆ, ಅದು ಬಹುಪಾಲು ವಂಶದಿಂದ ಬಂದ ಅಧಿಕ ಕೊಲೆಸ್ಟ್ರಾಲ್. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಗ್ರಾಹಕಗಳಿರುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆ ಗ್ರಾಹಕದ ಜೀನ್ ಅಪ್ಪ ಅಥವಾ ಅಮ್ಮ ಒಬ್ಬರ ಕಡೆಯಿಂದ ಕೆಟ್ಟು ಬಂದಿದ್ದರೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚು, ದೊಡ್ಡವರಾದಾಗ ಸಾಮಾನ್ಯವಾಗಿ 190 ದಾಟಿರುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಎಂದರೆ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರಲ್ಲೇ ನಾಲ್ಕೈದು ಜನ.

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ಅಕ್ಕನ ಮಗಳನ್ನು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ಸಂಬಂಧ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಗಂಡ–ಹೆಂಡತಿ ಇಬ್ಬರಲ್ಲೂ ಒಂದೇ ಕುಟುಂಬದ ಈ ಕೆಟ್ಟ ಜೀನ್ ಇದ್ದರೆ, ಪ್ರತಿ ಮಗುವಿಗೂ ಎರಡೂ ಕಡೆಯಿಂದ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಲ್ಲಿ ಎಲ್‌ಡಿಎಲ್ 400, 500 ದಾಟುತ್ತದೆ. ಹತ್ತು ವರ್ಷ ತುಂಬುವುದರೊಳಗೆ ಮೊಣಕೈ, ಮಂಡಿ, ಪೃಷ್ಠದ ಮೇಲೆ ಹಳದಿ ಗಂಟುಗಳು ಏಳುತ್ತವೆ, ಹದಿಹರೆಯದಲ್ಲೇ ಹೃದಯಾಘಾತವಾಗಬಹುದು. ಮಗುವಿನ ಮೈಮೇಲೆ ಇಂಥ ಗಂಟು ಕಂಡರೆ ನರಹುಲಿ ಎಂದು ಸುಡಿಸಬೇಡಿ, ಅದೇ ವಾರ ರಕ್ತ ಪರೀಕ್ಷೆ ಮಾಡಿಸಿ. ಅಪ್ಪ, ಅಣ್ಣ–ತಮ್ಮಂದಿರಿಗೆ 55ರೊಳಗೆ, ಅಮ್ಮ, ಅಕ್ಕ–ತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಮನೆಯ ಎಲ್ಲರೂ, ಮಕ್ಕಳೂ ಸೇರಿ, ಲಿಪಿಡ್ ಪ್ರೊಫೈಲ್ ಮಾಡಿಸಬೇಕು. ಒಬ್ಬರಲ್ಲಿ ಈ ಕಾಯಿಲೆ ಖಚಿತವಾದರೆ ಅವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ತಲಾ ಅರ್ಧದಷ್ಟು ಸಾಧ್ಯತೆ ಇದೆ. ಒಂದು ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ‘ನಿಮ್ಮ ತಮ್ಮನ ಎಲ್‌ಡಿಎಲ್ ಎಷ್ಟು’ ಎಂದು ಕೇಳುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಬೆಳೆಯಬೇಕಿದೆ.

ಇನ್ನು ರಕ್ತನಾಳ ಕಿರಿದಾದ ಮೇಲೆ ಕಾಣುವ ಲಕ್ಷಣಗಳು. ಕೊಲೆಸ್ಟ್ರಾಲ್‌ನ ಲಕ್ಷಣ ಎಂದು ಜನ ಕರೆಯುವುದು ಇವನ್ನೇ. ವಾಸ್ತವದಲ್ಲಿ ಇವು ತೊಡಕುಗಳು. ಹೃದಯದ ವಿಷಯದಲ್ಲಿ ಮುಖ್ಯವಾದುದು ನೋವಿನ ಜಾಗಕ್ಕಿಂತ ಅದರ ಲೆಕ್ಕಾಚಾರ. ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ, ಲಾಲ್‌ಬಾಗ್‌ನ ಬಂಡೆ ಏರುವಾಗ, ಊಟವಾದ ಕೂಡಲೇ ಬಿರುಸಾಗಿ ನಡೆದಾಗ ಎದೆಯ ಮಧ್ಯೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ, ನಿಂತ ನಾಲ್ಕೈದು ನಿಮಿಷದಲ್ಲಿ ಹೋಗುತ್ತದೆ, ಮರುದಿನ ಅಷ್ಟೇ ಶ್ರಮಕ್ಕೆ ಮತ್ತೆ ಬರುತ್ತದೆ ಎಂದರೆ ಅದು ಹೃದಯದ ನೋವು. ಅದು ದವಡೆಗೆ, ಎಡಗೈಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಎಳೆಯಬಹುದು. ನಮ್ಮೂರಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ, ಆಗಲೂ ಹೋಗದಿದ್ದರೆ ಸೋಡಾ. ನಡೆದಾಗ ಬಂದು ನಿಂತಾಗ ಹೋಗುವ ಗ್ಯಾಸ್ಟ್ರಿಕ್ ಇಲ್ಲ ಎಂಬ ಒಂದು ಮಾತು ಎಲ್ಲರ ಮನೆಗೆ ತಲುಪಿದರೂ ಎಷ್ಟೋ ಜೀವ ಉಳಿಯುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಹಿಂದೆಂದೂ ಇಲ್ಲದ ಆಯಾಸವಾಗಿ ಬರಬಹುದು.

ಸುಮ್ಮನೆ ಕೂತಾಗಲೇ ಬಂದ ಎದೆನೋವು ಹತ್ತು–ಹದಿನೈದು ನಿಮಿಷಕ್ಕೂ ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಸ್ವತಃ ಗಾಡಿ ಓಡಿಸಿಕೊಂಡು ಹೋಗಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಅನ್ನು ಜಗಿದು ನುಂಗಬಹುದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ವೈದ್ಯರು ಮೊದಲೇ ಬರೆದುಕೊಟ್ಟಿರದಿದ್ದರೆ ಇಡಬೇಡಿ. ಬಿಪಿ ಈಗಾಗಲೇ ಇಳಿದಿದ್ದರೆ ಅದು ಇನ್ನಷ್ಟು ಕುಸಿಯುತ್ತದೆ. ಹಿಂದಿನ ದಿನ ನಿಮಿರು ದೌರ್ಬಲ್ಯಕ್ಕೆಂದು ಸಿಲ್ಡೆನಾಫಿಲ್ ಜಾತಿಯ ಮಾತ್ರೆ ತೆಗೆದುಕೊಂಡವರಿಗಂತೂ ಪ್ರಾಣಾಪಾಯ. ಊರುಗಳ ಕಡೆ ಇರುವವರು ಬೆಂಗಳೂರಿಗೇ ಬರಬೇಕು ಎಂದು ಎರಡು ಗಂಟೆ ಪ್ರಯಾಣ ಮಾಡುವುದು ಬೇಡ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಗಂಟೆಯಲ್ಲಿ ಸಿಕ್ಕ ಚುಚ್ಚುಮದ್ದಿನ ಬೆಲೆಯೇ ಬೇರೆ, ಆರನೆಯ ಗಂಟೆಯದ್ದೇ ಬೇರೆ.

ಕಾಲಿನ ರಕ್ತನಾಳದ ಕಾಯಿಲೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಗಿನ ವಾಕಿಂಗ್ ಮಾಡುವವರು ಇದನ್ನು ತಾವೇ ಗುರುತಿಸಬಹುದು. ಪ್ರತಿದಿನ ಹೆಚ್ಚು ಕಡಿಮೆ ಅದೇ ದೂರಕ್ಕೆ, ಅದೇ ಮರದ ಹತ್ತಿರ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಸುಮ್ಮನೆ ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಬೆನ್ನುಮೂಳೆಯ ನರ ಒತ್ತಿ ಬರುವ ನೋವು ನಿಂತರೆ ಹೋಗುವುದಿಲ್ಲ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹೋಗುತ್ತದೆ. ಈ ವ್ಯತ್ಯಾಸವನ್ನು ವೈದ್ಯರಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಪಾದ ತಣ್ಣಗಿರುವುದು, ಮುಂಗಾಲಿನ ಕೂದಲು ಉದುರಿ ಚರ್ಮ ಹೊಳೆಯುವುದು, ಉಗುರಿನ ಪಕ್ಕದ ಗಾಯ ವಾರಗಟ್ಟಲೆ ಮಾಯದಿರುವುದು, ರಾತ್ರಿ ಮಲಗಿದಾಗ ನೋವೆದ್ದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುವುದು – ಇವು ಮುಂದಿನ ಹಂತ. ಕೊನೆಯ ಎರಡರಲ್ಲಿ ಒಂದು ದಿನವೂ ಕಾಯಬಾರದು. ಬೆರಳು, ಪಾದ ಕಳೆದುಕೊಳ್ಳುವುದು ಅಲ್ಲಿಂದ ಶುರು. ಪರೀಕ್ಷೆ ಸುಲಭ: ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ. ಅಂಥವರಲ್ಲಿ ಹೃದಯದ, ಮೆದುಳಿನ ನಾಳಗಳೂ ಕೆಟ್ಟಿರುವ ಸಂಭವ ಹೆಚ್ಚು. ಸಿಗರೇಟು, ಬೀಡಿ ಸೇದುವವರಲ್ಲಿ ಈ ಕಾಯಿಲೆ ಬೇಗ ಬರುತ್ತದೆ, ಬೇಗ ಬೆಳೆಯುತ್ತದೆ.

ಮೆದುಳಿನದಾದರೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಲಕ್ವದ ಗುರುತು ಎಂದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು, ಇವು ಹತ್ತು ನಿಮಿಷ ಇದ್ದು ತಾವಾಗಿಯೇ ಸರಿಹೋದರೂ ಅದೇ ತುರ್ತು ಎಂಬುದು. ಸರಿಹೋಯಿತಲ್ಲ ಎಂದು ಮಲಗುವವರೇ ಹೆಚ್ಚು. ದೊಡ್ಡ ಲಕ್ವ ಹೊಡೆಯುವ ಅಪಾಯ ತೀವ್ರವಾಗಿರುವುದು ಆ ಮುಂದಿನ ಎರಡು ದಿನದಲ್ಲಿ. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ ಮತ್ತೆ ಬೆಳಕಾದರೆ ಅದೂ ಇದೇ ಗುಂಪಿಗೆ ಸೇರುತ್ತದೆ. ಕತ್ತಿನ ನಾಳದಿಂದ ಹಾರಿದ ಚೂರು ಕಣ್ಣಿನ ನಾಳಕ್ಕೆ ಸಿಕ್ಕಿಕೊಂಡಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಿರಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು, ನಿಮ್ಹಾನ್ಸ್ ಇರಲಿ, ಹತ್ತಿರದ ಇನ್ನಾವುದೇ ಇರಲಿ. ಎದೆನೋವಿಗೆ ಹೇಳಿದ ಆಸ್ಪಿರಿನ್ ಇಲ್ಲಿ ಮನೆಯಲ್ಲೇ ಕೊಡಬಾರದು. ಮೆದುಳಿನಲ್ಲಿ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಹೊರಗಿನಿಂದ ತಿಳಿಯುವುದಿಲ್ಲ.

ಗಂಡಸರು ಹೇಳಿಕೊಳ್ಳದ ಒಂದು ಲಕ್ಷಣವೂ ಇದೆ. ನಲವತ್ತರ ಆಸುಪಾಸಿನಲ್ಲಿ ನಿಮಿರು ದೌರ್ಬಲ್ಯ ಶುರುವಾದರೆ ಅದು ಬರೀ ಮನಸ್ಸಿನ ಒತ್ತಡ ಎಂದುಕೊಳ್ಳಬೇಡಿ. ಆ ಅಂಗದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಆದ್ದರಿಂದ ತೊಂದರೆ ಅಲ್ಲಿ ಮೊದಲು ಕಾಣುತ್ತದೆ, ಹೃದಯದಲ್ಲಿ ಕೆಲವು ವರ್ಷಗಳ ನಂತರ. ಗುಟ್ಟಾಗಿ ಮಾತ್ರೆ ಕೊಂಡು ನುಂಗುವುದಕ್ಕಿಂತ ಶುಗರ್, ಲಿಪಿಡ್ ಪರೀಕ್ಷೆ ಮಾಡಿಸುವುದು ಲೇಸು.

ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್‌ನ ದಾರಿ ಬೇರೆ. ಅದು 500 ದಾಟಿದರೆ, ಅದರಲ್ಲೂ 1000 ಮೀರಿದರೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ತೂರಿಕೊಳ್ಳುವ ತಡೆಯಲಾರದ ನೋವು, ನಿಲ್ಲದ ವಾಂತಿ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯ ಜೊತೆ ಮದ್ಯವೂ ಸೇರಿದಾಗ ಇದು ಹೆಚ್ಚು. ಲ್ಯಾಬಿನವರು ‘ರಕ್ತದ ಮೇಲೆ ಹಾಲಿನಂತೆ ಬಿಳಿ ನಿಂತಿದೆ’ ಎಂದು ಹೇಳಿದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ತಲುಪಿಸಿ.

ಈಗ ವರದಿ ಓದುವ ವಿಷಯ. ನಮ್ಮ ಜನ ಮೊದಲು ನೋಡುವುದು ಒಟ್ಟು ಕೊಲೆಸ್ಟ್ರಾಲ್ ಅನ್ನು. 200ರೊಳಗಿದ್ದರೆ ಕಾಗದ ಮಡಚಿಡುತ್ತಾರೆ. ಒಂದು ಉದಾಹರಣೆ ನೋಡೋಣ. ಒಟ್ಟು 210, ಎಚ್‌ಡಿಎಲ್ (‘ಒಳ್ಳೆಯ ಕೊಲೆಸ್ಟ್ರಾಲ್’) 38, ಟ್ರೈಗ್ಲಿಸರೈಡ್ 240. ಸಾಮಾನ್ಯವಾಗಿ ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. 210ರಲ್ಲಿ 38 ಹೋಗಿ 172, ಅದರಲ್ಲಿ 48 ಹೋಗಿ 124. ಅಷ್ಟೇನೂ ಕೆಟ್ಟದ್ದಲ್ಲ ಎನಿಸುತ್ತದೆ. ಆದರೆ ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದ ಆ 172 ಇದೆಯಲ್ಲ, ‘ನಾನ್–ಎಚ್‌ಡಿಎಲ್’ ಎನ್ನುವುದು ಅದನ್ನೇ. ನಾಳದ ಗೋಡೆಯೊಳಗೆ ನುಗ್ಗಬಲ್ಲ ಕಣಗಳ ಕೊಲೆಸ್ಟ್ರಾಲ್ ಎಲ್ಲವೂ ಅದರಲ್ಲಿದೆ. ಅದು 130ರೊಳಗೆ ಇರಬೇಕಿತ್ತು. ಕಡಿಮೆ ಎಚ್‌ಡಿಎಲ್, ಹೆಚ್ಚು ಟ್ರೈಗ್ಲಿಸರೈಡ್, ನೋಡಲು ಪರವಾಗಿಲ್ಲ ಎನಿಸುವ ಎಲ್‌ಡಿಎಲ್ – ಭಾರತೀಯರಲ್ಲಿ ತೀರಾ ಸಾಮಾನ್ಯವಾದ ಜೋಡಣೆ ಇದು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಅಧ್ಯಯನದಲ್ಲಿ ಶೇ 81ರಷ್ಟು ವಯಸ್ಕರಲ್ಲಿ ಲಿಪಿಡ್‌ನ ಒಂದಲ್ಲ ಒಂದು ಅಂಶ ಹದ ತಪ್ಪಿತ್ತು. ಟ್ರೈಗ್ಲಿಸರೈಡ್ 400 ದಾಟಿದರೆ ಮೇಲಿನ ಲೆಕ್ಕವೇ ತಪ್ಪುತ್ತದೆ; ಆಗ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯಿಸಬೇಕು.

ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕೇ ಬೇಕು ಎಂಬುದು ಹಳೆಯ ಮಾತು. ಮೊದಲ ತಪಾಸಣೆಗೆ ತಿಂಡಿ ತಿಂದು ಹೋದರೂ ನಡೆಯುತ್ತದೆ. ಟ್ರೈಗ್ಲಿಸರೈಡ್ 400ಕ್ಕಿಂತ ಹೆಚ್ಚು ಬಂದರೆ ಮಾತ್ರ ಹತ್ತು–ಹನ್ನೆರಡು ಗಂಟೆ ಉಪವಾಸವಿದ್ದು ಮತ್ತೊಮ್ಮೆ ಮಾಡಿಸಬೇಕು. ಹಿಂದಿನ ಎರಡು ದಿನ ಮದ್ಯ ಬೇಡ. ಜ್ವರ, ಶಸ್ತ್ರಚಿಕಿತ್ಸೆ ಆದ ಕೂಡಲೇ ಮಾಡಿಸಿದರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ, ಕೆಲವು ವಾರ ಬಿಡಬೇಕು. ಗರ್ಭಿಣಿಯರಲ್ಲಿ ಸಹಜವಾಗಿಯೇ ಏರುತ್ತದೆ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಲ್ಲಿನ ವರದಿಯಲ್ಲಿ ‘ಎಲ್‌ಡಿಎಲ್ 3.6’ ಎಂದು ನೋಡಿ ಗಾಬರಿಯಾಗುವುದೂ, ಇಷ್ಟು ಕಡಿಮೆಯೇ ಎಂದು ಖುಷಿಪಡುವುದೂ ಉಂಟು. ಅಳತೆಯ ಮಾನ ಬೇರೆ ಅಷ್ಟೇ: ಸುಮಾರು 38.7ರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ 139. ಟ್ರೈಗ್ಲಿಸರೈಡ್ ಆದರೆ 88.6ರಿಂದ ಗುಣಿಸಬೇಕು. ಜೀವನದಲ್ಲಿ ಒಂದೇ ಒಂದು ಸಲ, ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್–ಎ ಪರೀಕ್ಷೆಯನ್ನೂ ಮಾಡಿಸಿ. ಅದು ಬಹುಪಾಲು ವಂಶದಿಂದಲೇ ಬರುತ್ತದೆ, ಆಹಾರಕ್ಕೆ ಬಗ್ಗುವುದಿಲ್ಲ. 50 ಮಿಲಿಗ್ರಾಂ ಮೀರಿದ್ದರೆ ಉಳಿದ ಅಂಶಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ವರದಿಯ ಬಲತುದಿಯ ಅಂಕಣದಲ್ಲಿ. ಅಲ್ಲಿ ಮುದ್ರಿಸಿರುವ ‘ನಾರ್ಮಲ್’ ಮಿತಿ ಎಲ್ಲರಿಗೂ ಒಂದೇ. ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 95 ಬಂದರೆ ವರದಿ ಅದನ್ನು ದಪ್ಪಕ್ಷರದಲ್ಲಿ ತೋರಿಸುವುದಿಲ್ಲ, ಮನೆಯವರು ಸಮಾಧಾನಪಡುತ್ತಾರೆ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಅವರ ಗುರಿ 55ಕ್ಕಿಂತ ಕಡಿಮೆ. ಸಕ್ಕರೆ ಕಾಯಿಲೆ, ಬಿಪಿ ಇದ್ದು ಅಪಾಯ ಹೆಚ್ಚಿರುವವರಿಗೆ 70ಕ್ಕಿಂತ ಕಡಿಮೆ. ಬೇರೆ ತೊಂದರೆ ಇಲ್ಲದವರಿಗೆ 100ಕ್ಕಿಂತ ಕಡಿಮೆ. ನಾನ್–ಎಚ್‌ಡಿಎಲ್‌ಗೆ ಇವಕ್ಕೆ ತಲಾ 30 ಕೂಡಿಸಿಕೊಳ್ಳಿ. ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ.

ಸಂಖ್ಯೆ ಹೆಚ್ಚು ಬಂದಾಗ ಮಾತ್ರೆಗೆ ಮೊದಲು ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ನೋಡಬೇಕು. ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ, ಅದನ್ನು ಸರಿಪಡಿಸಿದರೆ ತಾನೇ ಇಳಿಯುತ್ತದೆ. ಅದನ್ನು ಗಮನಿಸದೆ ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೊಟ್ಟರೆ ಮೈಕೈ ನೋವೂ ಹೆಚ್ಚು ಬರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಪಿತ್ತನಾಳದ ಅಡಚಣೆ, ಸ್ಟೀರಾಯ್ಡ್ ಮಾತ್ರೆಗಳನ್ನೂ ಮರೆಯಬಾರದು.

ಸ್ಟಾಟಿನ್ ಬಗ್ಗೆ ನಮ್ಮ ನಗರದಲ್ಲಿ ಹಬ್ಬಿರುವ ಭಯ ಅದು ಮಾಡಬಹುದಾದ ಹಾನಿಗಿಂತ ಬಹಳ ದೊಡ್ಡದು. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಲಕ್ವ ಮುಂತಾದವು ಐದರಲ್ಲಿ ಒಂದು ಪಾಲು ತಗ್ಗುತ್ತವೆ ಎಂಬುದು ಲಕ್ಷಾಂತರ ಜನರ ಮೇಲಿನ ಪ್ರಯೋಗಗಳಿಂದ ಖಚಿತವಾಗಿದೆ. ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, 40 ಮಿಲಿಗ್ರಾಂ ಅರ್ಧಕ್ಕೆ ಹತ್ತಿರ ಇಳಿಸುತ್ತದೆ. ಪ್ರಮಾಣ ದುಪ್ಪಟ್ಟು ಮಾಡಿದರೆ ಹೆಚ್ಚುವರಿಯಾಗಿ ಇಳಿಯುವುದು ಶೇ 6ರಷ್ಟೇ. ಆದ್ದರಿಂದ ಗುರಿ ಮುಟ್ಟದಿದ್ದಾಗ ಮಾತ್ರೆ ಹಿರಿದು ಮಾಡುವುದಕ್ಕಿಂತ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ 10 ಮಿಲಿಗ್ರಾಂ ಸೇರಿಸುವುದು ಜಾಣತನ, ಅದು ಇನ್ನೂ ಐದನೇ ಒಂದು ಭಾಗ ಇಳಿಸುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಅಟೊರ್ವಾಸ್ಟಾಟಿನ್ ಅಗ್ಗವಾಗಿ ಸಿಗುತ್ತದೆ. ಶುರು ಮಾಡಿದ 4ರಿಂದ 12 ವಾರದಲ್ಲಿ ಮತ್ತೆ ರಕ್ತ ಕೊಡಬೇಕು. ಎರಡೂ ತೊಡೆ, ಎರಡೂ ತೋಳು ಸಮನಾಗಿ ನೋಯುತ್ತಿದ್ದರೆ ಹೇಳಿ; ಮಾತ್ರೆ ಬದಲಿಸಬಹುದು, ಪ್ರಮಾಣ ತಗ್ಗಿಸಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಇದು ಅತಿ ವಿರಳ. ಗರ್ಭ ಧರಿಸಲು ಯೋಚಿಸುತ್ತಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ದೇವನಹಳ್ಳಿಯ ಚಕ್ಕೋತದ ಮೇಲೆ ನಮಗೆಲ್ಲ ಅಭಿಮಾನವಿದೆ. ಆದರೆ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು ದಿನವೂ ಹೆಚ್ಚು ಚಕ್ಕೋತ ತಿನ್ನದಿರುವುದು ಒಳ್ಳೆಯದು. ಆ ಜಾತಿಯ ಹಣ್ಣಿನ ರಸ ಈ ಔಷಧಗಳನ್ನು ದೇಹದಲ್ಲಿ ಹೆಚ್ಚು ಉಳಿಸುತ್ತದೆ. ರೋಸುವಾಸ್ಟಾಟಿನ್‌ಗೆ ಈ ತೊಂದರೆ ಇಲ್ಲ.

ಇನ್ನು ‘ನಾರ್ಮಲ್ ಬಂತು, ನಿಲ್ಲಿಸಿದೆ’ ಎಂಬುದು. ಮಾತ್ರೆ ಇರುವುದರಿಂದಲೇ ನಾರ್ಮಲ್ ಬಂದಿರುತ್ತದೆ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಹೃದಯಾಘಾತ ಆದವರು ಹೀಗೆ ತಾವಾಗಿ ನಿಲ್ಲಿಸುವುದು ಎರಡನೆಯ ಆಘಾತವನ್ನು ಕರೆದಂತೆ.

ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದ್ದರಿಂದ ಕೆಲವೇ ಮಾತು. ‘ನಾವು ಸಸ್ಯಾಹಾರಿಗಳು, ನಮಗೆಲ್ಲಿಯ ಕೊಲೆಸ್ಟ್ರಾಲ್’ ಎನ್ನುವ ಮಾತು ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಈಗಲೂ ಕೇಳುತ್ತದೆ. ದೇಹದ ಕೊಲೆಸ್ಟ್ರಾಲ್‌ನ ಬಹುಪಾಲನ್ನು ದೇಹವೇ ತಯಾರಿಸುತ್ತದೆ. ರಕ್ತದಲ್ಲಿ ಅದನ್ನು ಏರಿಸುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು. ಅದು ತೆಂಗಿನೆಣ್ಣೆಯಲ್ಲಿ ಸುಮಾರು ಶೇ 90, ತುಪ್ಪದಲ್ಲಿ ಶೇ 60ರ ಮೇಲೆ, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಎಣ್ಣೆ ಪ್ಯಾಕೆಟ್ ಮೇಲಿನ ‘ಕೊಲೆಸ್ಟ್ರಾಲ್ ರಹಿತ’ ಎಂಬ ಮಾತಿಗೆ ಅರ್ಥವಿಲ್ಲ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಎಲ್‌ಡಿಎಲ್ ಹೆಚ್ಚಿರುವವರಿಗೆ ದಿನಕ್ಕೆ ಎಲ್ಲವೂ ಸೇರಿ 15 ಗ್ರಾಂ ಮಿತಿ. ಅನ್ನದ ಮೇಲಿನ ಅರ್ಧ ಚಮಚ ಯಾರನ್ನೂ ಕೆಡಿಸುವುದಿಲ್ಲ. ಬೆಳಗಿನ ತಿಂಡಿಗೆ ತುಪ್ಪದಲ್ಲಿ ಮುಳುಗಿದ ಪುಡಿ ಇಡ್ಲಿ, ಸಂಜೆ ಬೇಕರಿಯ ಪಫ್ಸ್, ಬೆಣ್ಣೆ ಬಿಸ್ಕತ್ತು ದಿನನಿತ್ಯ ಸೇರಿದರೆ ಮಿತಿ ದಾಟಿಹೋಗಿರುತ್ತದೆ. ವನಸ್ಪತಿಯಂಥವುಗಳಲ್ಲಿರುವ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ 2ರ ಮಿತಿ ಬಂದಿರುವುದು ಒಳ್ಳೆಯದೇ, ಆದರೆ ಅದರ ಜಾಗಕ್ಕೆ ಬಂದದ್ದು ಹೆಚ್ಚಾಗಿ ಪಾಮ್ ಎಣ್ಣೆ. ಅಡುಗೆಗೆ ಯಾವುದೇ ಎಣ್ಣೆಯಾಗಲಿ, ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ಅವರೆಕಾಳು, ಹುರುಳಿ, ಹೆಸರುಕಾಳು, ಮೆಂತ್ಯ, ಓಟ್ಸ್‌ನ ಕರಗುವ ನಾರು ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆ. ಹಿತಕಿದ ಬೇಳೆಯನ್ನು ಎಣ್ಣೆಯಲ್ಲಿ ಕರಿದ ಮಿಕ್ಸ್ಚರ್‌ಗೆ ಆ ಮಾತು ಅನ್ವಯಿಸದು. ಟ್ರೈಗ್ಲಿಸರೈಡ್ ಹೆಚ್ಚಿರುವವರು ಎಣ್ಣೆಗಿಂತ ಮೊದಲು ತಗ್ಗಿಸಬೇಕಾದ್ದು ಅನ್ನದ ಪ್ರಮಾಣ, ಸಿಹಿ, ಹಣ್ಣಿನ ಜ್ಯೂಸ್, ಮದ್ಯ. ಕಟ್ಟುನಿಟ್ಟಿನ ಪಥ್ಯದಿಂದ ಎಲ್‌ಡಿಎಲ್ ಶೇ 10ರಿಂದ 15 ಇಳಿದೀತು. 130 ಇರುವವರಿಗೆ ಅಷ್ಟು ಸಾಕಾಗಬಹುದು. 190 ಇರುವವರು ಪಥ್ಯ ಮಾಡುತ್ತಾ ಎರಡು ವರ್ಷ ಕಳೆದರೆ ಆ ಎರಡು ವರ್ಷ ನಷ್ಟವೇ.

ತಮ್ಮಲ್ಲಿ ಎರಡು ಕೋರಿಕೆ. ಕೊಲೆಸ್ಟ್ರಾಲ್ ಬಗ್ಗೆ ಬರೆಯುವಾಗ ಲಕ್ಷಣಗಳ ಪಟ್ಟಿಯ ಜಾಗದಲ್ಲಿ ಯಾರು, ಯಾವ ವಯಸ್ಸಿಗೆ, ಯಾವ ಪರೀಕ್ಷೆ ಮಾಡಿಸಬೇಕು ಎಂಬುದನ್ನು ಪ್ರಕಟಿಸಿ. ಎರಡನೆಯದು ತಮ್ಮ ಮೂಲಕ ನಗರದ ಲ್ಯಾಬ್‌ಗಳಿಗೆ: ಲಿಪಿಡ್ ವರದಿಯಲ್ಲಿ ನಾನ್–ಎಚ್‌ಡಿಎಲ್ ಅನ್ನು ತಪ್ಪದೆ ಮುದ್ರಿಸಿ, ಎಲ್‌ಡಿಎಲ್‌ನ ಎದುರಿಗೆ ಒಂದೇ ಮಿತಿಯ ಬದಲು ‘ತೊಂದರೆ ಇಲ್ಲದವರಿಗೆ 100, ಸಕ್ಕರೆ ಕಾಯಿಲೆ ಅಥವಾ ಬಿಪಿಯಿಂದ ಅಪಾಯ ಹೆಚ್ಚಿರುವವರಿಗೆ 70, ಹೃದಯಾಘಾತ ಅಥವಾ ಲಕ್ವ ಆದವರಿಗೆ 55’ ಎಂಬ ಮೂರು ಗುರಿಗಳನ್ನು ಕನ್ನಡದಲ್ಲಿ ಹಾಕಿ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚು ಖರ್ಚೂ ಇಲ್ಲ. ವರದಿಯ ನಮೂನೆಯಲ್ಲಿ ಎರಡು ಸಾಲು ಬದಲಾದರೆ ಸಾಕು.

– ಇಬ್ಬರು ವೈದ್ಯರು, ಬಸವನಗುಡಿ, ಬೆಂಗಳೂರು